ಮೂರು ಮುಚ್ಚಳದ ಬ್ಯಾಟರಿ

“ಗುರುಗಳೇ, ಸಂಶಯಪಡುವುದು ತಪ್ಪೇ?” ಎಂದು ಕರಿಬಸಪ್ಪ ಕೇಳಿದ.

ಕರಿಬಸಪ್ಪ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಮಳೆಗಾಲಕ್ಕೆಂದು ಜೋಳ ಕೂಡಿಟ್ಟ ಕೋಣೆಯ ಬೀಗದ ಕೈ ಸದಾ ಅವನ ಸೊಂಟದಲ್ಲೇ ಇರುತ್ತಿತ್ತು. ಮಠಕ್ಕೆ ಹೊಸದಾಗಿ ಬಂದ ಅಡುಗೆಯವನು, ಜೋಳಕ್ಕೆ ಹುಳು ಬಿದ್ದೀತು, ಒಮ್ಮೆ ಬಿಸಿಲಿಗೆ ಹಾಕೋಣ ಎಂದು ಆ ಬೀಗದ ಕೈ ಕೇಳಿದ್ದ. ಇವನು ಕೊಟ್ಟಿರಲಿಲ್ಲ. ಕೊಡದೆ ಇದ್ದದ್ದೇ ಸರಿ ಎಂದು ಗುರುಗಳ ಬಾಯಿಂದ ಕೇಳುವ ಆಸೆ ಅವನಿಗೆ. ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಜೇನು ಸಾಕುವವನಿದ್ದ. ಹೂವು ಅರಳಿದ ಕಡೆಗೆ ಜೇನುಪೆಟ್ಟಿಗೆಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಹೋಗುವುದು ಅವನ ಕಸುಬು. ಹುಳುಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಯ ಬಾಯಿ ಮುಚ್ಚಬೇಕು. ಬಿಸಿಲೇರುವ ಮೊದಲು ಹೊಸ ಹೊಲ ಮುಟ್ಟಿ ಬಾಯಿ ತೆರೆಯಬೇಕು. ತಡವಾದರೆ ಹುಳುಗಳು ಒಳಗೇ ಬೆಂದು ಸಾಯುತ್ತವೆ. ಕಸುಬಿನಲ್ಲಿ ಅವನು ಗಟ್ಟಿಗ. ಆದರೆ ಸಂಶಯದ ಪ್ರಾಣಿ. ಎದುರಿಗೆ ಬಂದವನು ನಕ್ಕರೆ ಏಕೆ ನಕ್ಕ ಎಂದು ಯೋಚಿಸುವನು, ನಗದಿದ್ದರೆ ಏಕೆ ನಗಲಿಲ್ಲ ಎಂದು ಯೋಚಿಸುವನು.

ಒಂದು ದಿನ ನಸುಕಿನಲ್ಲಿ ಅವನು ಸೂರ್ಯಕಾಂತಿ ಹೊಲಗಳತ್ತ ಹೊರಟಿದ್ದ. ದಾರಿಯಲ್ಲಿ, ಏರಿನ ಬುಡದಲ್ಲಿ ಒಂದು ಚಹಾ ಅಂಗಡಿ ಕಂಡಿತು. ವ್ಯಾನ್ ನಿಲ್ಲಿಸಿ ಇಳಿದ. ಅಂಗಡಿಯ ಬೆಂಚಿನ ಮೇಲೆ ಕುಳಿತವರೆಲ್ಲ ಅವನ ಕಣ್ಣಿಗೆ ಕಳ್ಳರ ಹಾಗೆಯೇ ಕಂಡರು. ಪೆಟ್ಟಿಗೆ ಮುಟ್ಟಿದವರು ತಕ್ಷಣ ಕಾಣಿಸಲಿ ಎಂದು ವ್ಯಾನಿನ ದೀಪಗಳನ್ನೆಲ್ಲ ಉರಿಯಲು ಬಿಟ್ಟ. ಮೂಲೆಯಲ್ಲಿದ್ದ ಪೆಟ್ಟಿಗೆ ಅವನ ಗೂಡುಗಳಲ್ಲೇ ಬಲವಾದದ್ದು. ಅದರ ಮೇಲೆ ಯಾರ ಕಣ್ಣೂ ಬೀಳಬಾರದೆಂದು ಮನೆಯಿಂದ ಹೊರಡುವಾಗಲೇ ಗೋಣಿಚೀಲ ಸುತ್ತಿ ಹಗ್ಗ ಬಿಗಿದಿದ್ದ.

ಚಹಾ ಕುಡಿದ. ಒಬ್ಬೊಬ್ಬರ ಮುಖವನ್ನೂ ಅಳೆದು ನೋಡಿದ. ಸಾಲದೆಂದು ಇನ್ನೊಂದು ಚಹಾ ಕುಡಿದ. ಬಂದು ಸ್ಟಾರ್ಟರ್ ಒತ್ತಿದರೆ ಎಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ಕಳ್ಳರನ್ನು ಕಾಯಲು ಹಚ್ಚಿಟ್ಟ ದೀಪಗಳೇ ಹಳೆಯ ಬ್ಯಾಟರಿಯನ್ನು ಹೀರಿ ಮುಗಿಸಿದ್ದವು. ಎಂಜಿನ್ನನ್ನು ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಇದ್ದಿದ್ದರೆ ಚಿಂತೆಯಿರಲಿಲ್ಲ. ಅದನ್ನು ದಾರಿಯಲ್ಲಿ ಯಾರಾದರೂ ಎಗರಿಸಿಯಾರೆಂದು ಮನೆಯಲ್ಲೇ ಬೀಗ ಹಾಕಿ ಇಟ್ಟು ಬಂದಿದ್ದ, ಪುಣ್ಯಾತ್ಮ. ತಳ್ಳೋಣವೆಂದರೆ ಮುಂದೆ ಏರು. ಮೇಲಾಗಿ ಜೇನಿನ ಹತ್ತಿರ ಬರಲು ಅಂಗಡಿಯವರಾರಿಗೂ ಧೈರ್ಯವಿಲ್ಲ.

ಮೂಡಣ ಕೆಂಪಾಯಿತು. ಆಗ ಆ ದಾರಿಯಲ್ಲಿ ಬಂದ ಒಬ್ಬ ವ್ಯಾಪಾರಿ ಕಾರು ನಿಲ್ಲಿಸಿದ. ಸಂಗತಿ ಕೇಳಿ, ಹಿಂಬದಿಯಿಂದ ಎರಡು ದಪ್ಪ ವೈರು ತೆಗೆದ.

“ನನ್ನ ಬ್ಯಾಟರಿಯಿಂದ ಕೊಡ್ತೀನಿ. ನಿಮ್ದು ಎಷ್ಟು ವೋಲ್ಟು?” ಎಂದ.

ಜೇನಿನವನ ಸಂಶಯ ತಲೆಯೆತ್ತಿತು. ವೋಲ್ಟು ಕಟ್ಟಿಕೊಂಡು ಇವನಿಗೇನು? ಹಳೆಯ ಗಾಡಿಗಳ ಬಿಡಿಭಾಗಗಳಿಗೆ ಹೊಂಚು ಹಾಕುವವರು ಇರುತ್ತಾರೆಂದು ಅವನು ಕೇಳಿದ್ದ. ವ್ಯಾನು ಅಪ್ಪನ ಕಾಲದ್ದು, ಆರು ವೋಲ್ಟಿನದು; ಈಗಿನ ಗಾಡಿಗಳೆಲ್ಲ ಹನ್ನೆರಡು. ಹಾಗೆಂದುಬಿಟ್ಟರೆ ಅದರ ವಯಸ್ಸು ಹೇಳಿದಂತೆಯೇ ಸರಿ.

“ನಿಮ್ದು ಎಷ್ಟೋ ನಮ್ದೂ ಅಷ್ಟೇ. ವೈರಿನ ತುದಿ ಇತ್ತ ಕೊಡಿ, ನಾನೇ ಹಾಕ್ಕೋತೀನಿ. ನೀವು ಅಲ್ಲೇ ನಿಂತಿರಿ,” ಎಂದ.

“ಬಾನೆಟ್ ಎತ್ತಿ. ಒಂದ್ಸಲ ನೋಡ್ತೀನಿ.”

“ನೋಡೋಕೆ ಏನಿದೆ ಅದರಲ್ಲಿ?”

ವ್ಯಾಪಾರಿ ವೈರು ಸುತ್ತತೊಡಗಿದ. “ನೋಡದೆ ನಾನೂ ಹಾಕಲ್ಲ, ನಿಮಗೂ ಹಾಕೋಕೆ ಬಿಡಲ್ಲ,” ಎಂದು ಕಾರಿನತ್ತ ತಿರುಗಿದ.

ಜೇನಿನವನಿಗೆ ಒಳಗೊಳಗೇ ಗೆದ್ದ ಹಾಗಾಯಿತು. ಬೇಳೆ ಬೇಯಲಿಲ್ಲ, ಅದಕ್ಕೇ ಜಾರಿಕೊಳ್ಳುತ್ತಿದ್ದಾನೆ ಎಂದುಕೊಂಡ. ಅಷ್ಟರಲ್ಲಿ ಎಳೆಬಿಸಿಲು ವ್ಯಾನಿನ ಬದಿಗೆ ಬಿತ್ತು. ಪೆಟ್ಟಿಗೆಗಳೊಳಗಿನ ಗುಂಯ್‌ಗುಡುವ ಸದ್ದು ಏರಿ ಮೊರೆತವಾಯಿತು. ಸೆಕೆ ತಾಳದೆ ಹುಳುಗಳು ರೆಕ್ಕೆ ಬಡಿಯುವ ಸದ್ದು ಅದು. ಅದರ ಅರ್ಥವನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಳುವೇ ಬಂದುಬಿಟ್ಟಿತು. ವ್ಯಾಪಾರಿ ಕಾರಿನ ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಇವನು ಓಡಿಹೋಗಿ ಬಾನೆಟ್ ಎತ್ತಿ ಹಿಡಿದ.

ವ್ಯಾಪಾರಿ ಹಿಂತಿರುಗಿ ಬಂದು ಬಗ್ಗಿ ನೋಡಿದ. ಬ್ಯಾಟರಿಯ ಮೇಲೆ ನೀರು ಹಾಕುವ ಮುಚ್ಚಳಗಳು ಮೂರೇ ಇದ್ದವು. ಹನ್ನೆರಡು ವೋಲ್ಟಿನದಕ್ಕೆ ಆರು ಇರುತ್ತವೆ.

“ನಿಮ್ಮ ಮಾತು ಕೇಳಿ ಇದಕ್ಕೆ ನನ್ನ ಹನ್ನೆರಡು ವೋಲ್ಟು ಕೊಟ್ಟಿದ್ರೆ ಬ್ಯಾಟರಿ ಸಿಡಿದು ಆಸಿಡ್ಡು ನಿಮ್ಮ ಮುಖಕ್ಕೇ ಹಾರ್ತಿತ್ತೋ ಏನೋ,” ಎಂದ.

ವ್ಯಾಪಾರಿ ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಕಾರಿನ ಎಂಜಿನ್ ಆರಿಸಿದ. ವ್ಯಾನಿನ ದೀಪಗಳನ್ನೆಲ್ಲ ಆರಿಸಿ, ಗೇರು ತಪ್ಪಿಸಿ, ಕೀಲಿ ತಿರುಗಿಸಿಡಲು ಜೇನಿನವನಿಗೆ ಹೇಳಿದ. ಕೆಂಪು ವೈರನ್ನು ಹಳೆಯ ಬ್ಯಾಟರಿಗೆ ಮುಟ್ಟಿಸಲೇ ಇಲ್ಲ; ನೇರವಾಗಿ ಸ್ಟಾರ್ಟರ್ ಮೋಟಾರಿಗೆ ಕಚ್ಚಿಸಿದ. ಕಿಡಿ ಹಾರಿದರೆ ಬ್ಯಾಟರಿಯಿಂದ ದೂರದಲ್ಲೇ ಹಾರಲಿ ಎಂದು ಕಪ್ಪು ವೈರನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ತಾಗಿಸಿದ, ಅದೂ ಕ್ಷಣ ಮಾತ್ರ. ಎರಡು ಪಟ್ಟು ಬಲವನ್ನು ಮೋಟಾರು ಒಂದು ಕ್ಷಣ ತಡೆದುಕೊಳ್ಳುತ್ತದೆ. ಬಲ್ಬು, ಬ್ಯಾಟರಿಗಳು ತಡೆದುಕೊಳ್ಳುವುದಿಲ್ಲ. ಮೋಟಾರು ತಿರುಗಿದ್ದೇ ತಡ, ಹಳೆಯ ಬ್ಯಾಟರಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಜೀವಕ್ಕೇ ಎಂಜಿನ್ ಶುರುವಾಯಿತು.

ಜೇನಿನವನು ಸೀಟಿಗೆ ಹಾರಿ ಕುಳಿತ. ಹೊರಡುವ ಮುಂಚೆ ನಾಚಿಕೊಂಡು ಕೇಳಿದ. “ನನ್ನ ಮೇಲೆ ನಿಮಗೆ ಸಂಶಯ ಬರಲಿಲ್ವಾ?”

“ಬಂತಲ್ಲ! ಅದಕ್ಕೇ ಬಾನೆಟ್ ಎತ್ತಿಸಿದ್ದು,” ಎಂದ ವ್ಯಾಪಾರಿ. ವೈರು ಸುತ್ತಿಕೊಂಡು ತನ್ನ ದಾರಿ ಹಿಡಿದ.

ಹೊಲ ಮುಟ್ಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಜೇನಿನವನು ಒಂದೊಂದೇ ಪೆಟ್ಟಿಗೆಯ ಬಾಯಿ ತೆರೆದ. ಹುಳುಗಳು ದಬದಬನೆ ಹೊರಬಿದ್ದು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಹೂವಿನ ಕಡೆಗೆ ಹಾರಿದವು. ಕೊನೆಗೆ ಮೂಲೆಯ ಪೆಟ್ಟಿಗೆಗೆ ಬಂದ. ಹಗ್ಗ ಬಿಚ್ಚಿದ. ಗೋಣಿಚೀಲ ಸರಿಸಿದ. ಕಿವಿಗೊಟ್ಟು ಕೇಳಿದ. ಒಳಗೆ ಸದ್ದೇ ಇರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಸಂಶಯಪಡಬೇಕೋ, ಬೇಡವೋ?” ಎಂದು ಕರಿಬಸಪ್ಪ ಕೇಳಿದ. ಕೇಳುತ್ತಲೇ ಅವನ ಕೈ ತನ್ನಷ್ಟಕ್ಕೆ ತಾನೇ ಸೊಂಟಕ್ಕೆ ಹೋಗಿ, ಬೀಗದ ಕೈ ಇದೆಯೋ ಇಲ್ಲವೋ ಎಂದು ತಡವಿ ನೋಡಿತು.

ಗುರುಗಳು ಆ ಕೈಯನ್ನೇ ನೋಡುತ್ತ ಹೇಳಿದರು. “ಅದಿರಲಿ ಕರಿಬಸಪ್ಪ, ಆ ಕೋಣೆಯ ಬಾಗಿಲು ತೆಗೆದು ಜೋಳವನ್ನು ನೀನು ಕಣ್ಣಾರೆ ನೋಡಿದ್ದು ಯಾವಾಗ?”