ಕರಡಿಯ ಹವ್ಯಾಸ

ಕರಡಿಯೊಂದು ಬಿಡುವಾದಾಗಲೆಲ್ಲ ತನ್ನ ಗುಹೆಯಲ್ಲೇ ಕೂತು ಕೋವಿ ಮಾಡುತ್ತಿತ್ತು. ಪಕ್ಕದ ಬಿಲದ ಮೊಲಕ್ಕೆ ಇದು ತಿಳಿದು ಜೀವ ಬಾಯಿಗೆ ಬಂತು. ಮರಿಗಳನ್ನು ಕಟ್ಟಿಕೊಂಡು ಬೇರೆ ಕಾಡಿಗೆ ಹೋಗುವುದೋ, ಇಲ್ಲೇ ಇರುವುದೋ ತಿಳಿಯದೆ, ಕೇಳಿಯೇ ಬಿಡೋಣವೆಂದು ಅದು ಗುಹೆಗೆ ಹೋಯಿತು.

“ಕರಡಿಯಣ್ಣ, ಈ ಕೋವಿ ಯಾರಿಗಾಗಿ?”

“ಯಾರಿಗೂ ಅಲ್ಲ ಮಾರಾಯ. ನಿನ್ನ ಹೆಂಡತಿ ಬುಟ್ಟಿ ಹೆಣೆಯುವುದಿಲ್ಲವೇ? ಹಾಗೆ ಇದು ನನ್ನ ಹವ್ಯಾಸ. ಉಜ್ಜಿದಂತೆಲ್ಲ ಮರ ನುಣ್ಣಗಾಗುವುದನ್ನು ನೋಡುವುದೇ ಒಂದು ಸುಖ. ಇಷ್ಟು ವರ್ಷದಿಂದ ನನ್ನನ್ನು ಬಲ್ಲೆ, ಹೆದರುವುದೇಕೆ?”

ಮಾತು ಸರಿಯೆನಿಸಿತು. ಸುಮ್ಮನೆ ಹೆದರಿದೆನಲ್ಲ ಎಂದು ಮೊಲಕ್ಕೆ ನಾಚಿಕೆಯೂ ಆಯಿತು. “ಕೆಲಸ ಬಹಳ ಅಚ್ಚುಕಟ್ಟಾಗಿದೆ” ಎಂದು ಹೊಗಳಿ, ಕೋವಿಯನ್ನೆತ್ತಿ ಹೆಗಲಿಗಿಟ್ಟು ನೋಡಿತು. ಕೋವಿಯ ಬಾಯಿ ಕರಡಿಯತ್ತ ತಿರುಗಿತು.

ಕರಡಿ ಛಂಗನೆ ಹಾರಿ ಬಂಡೆಯ ಹಿಂದೆ ಅಡಗಿತು. “ಕೆಳಗಿಡು! ಮೊದಲು ಅದನ್ನು ಕೆಳಗಿಡು!”

“ನಾನೂ ನಿನಗೆ ಇಷ್ಟೇ ವರ್ಷದಿಂದ ಗೊತ್ತಲ್ಲ ಅಣ್ಣ?” ಮೊಲ ನಿಜಕ್ಕೂ ಅರ್ಥವಾಗದೆ ಕೇಳಿತು.

ಕರಡಿ ಬಂಡೆಯ ಹಿಂದೆ ಇನ್ನಷ್ಟು ಮುದುಡಿಕೊಂಡಿತು. ಮೊಲಕ್ಕೆ ಏನೂ ತೋಚಲಿಲ್ಲ. ತನ್ನನ್ನು ಕಂಡು ಯಾರಾದರೂ ಹೆದರಿದ್ದು ಇದೇ ಮೊದಲು. ಅಯ್ಯೋ ಪಾಪ ಅನಿಸಿತು. ಜೊತೆಗೆ ಒಳಗೊಳಗೇ ಹಿತವೂ ಅನಿಸಿ, ಅದಕ್ಕೇ ಮತ್ತಷ್ಟು ಗಲಿಬಿಲಿಯಾಯಿತು. ಕೋವಿಯನ್ನು ಕೆಳಗಿಡಲು ಬಗ್ಗಿತು. ಇಟ್ಟೊಡನೆ ಕರಡಿ ಎತ್ತಿಕೊಂಡರೆ? ಮೊಲ ಮತ್ತೆ ನೆಟ್ಟಗಾಯಿತು. ಕರಡಿ ಬಂಡೆಯ ಹಿಂದೆ, ಮೊಲ ಮುಂದೆ, ನೆರೆಹೊರೆಯವರಿಬ್ಬರೂ ಕತ್ತಲಾಗುವವರೆಗೂ ಹಾಗೇ ಇದ್ದರು.