ಹುಟ್ಟಿದ ದಿನಕ್ಕೆ ಪುಟ ಕೇಳಿದ ಅರಸ

ಹಳದಿಗೋಡಿನ ಅರಸ ಬೊಮ್ಮರಸನಿಗೆ ನಲವತ್ತನೆಯ ವಯಸ್ಸಿಗೆ ಓದು ಬಂತು. ಆ ವಯಸ್ಸಿನಲ್ಲಿ ಬರುವ ಎಲ್ಲ ಕಾಯಿಲೆಗಳಂತೆ ಅದೂ ಜೋರಾಗಿಯೇ ಬಂತು.

ಮೆಣಸು ಕೊಳ್ಳಲು ಬಂದಿದ್ದ ಒಲಂದ ದೇಶದ ಹಡಗಿನ ಕಪ್ತಾನನೊಬ್ಬ ಕಿರಿಸ್ತಾನರ ಪವಿತ್ರ ಗ್ರಂಥವನ್ನು ಕನ್ನಡಕ್ಕೆ ಬರೆಸಿ ಉಡುಗೊರೆ ಕೊಟ್ಟು ಹೋಗಿದ್ದ. ಅರಸ ಇಪ್ಪತ್ತು ದಿನ ಕೂತು ಓದಿದ. ಇಪ್ಪತ್ತೊಂದನೆಯ ದಿನ, ಕಡಲ ದಂಡೆಯ ಕಿರಿಸ್ತಾನರಿಗಿಂತ ಅವರ ಧರ್ಮ ತನಗೇ ಚೆನ್ನಾಗಿ ಗೊತ್ತು ಎಂಬುದು ಅವನಿಗೆ ಖಚಿತವಾಯಿತು. ಕೂಡಲೇ ಆಸ್ಥಾನಕ್ಕೂ ಖಚಿತವಾಯಿತು. ಆಸ್ಥಾನ ಇರುವುದೇ ಅದಕ್ಕೆ.

ಇಗರ್ಜಿಯ ಮುದಿ ಪಾದ್ರಿ ಸಲ್ವದೋರರಿಗೆ ಕರೆ ಹೋಯಿತು. ತೆನೆ ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ಯೇಸುಸ್ವಾಮಿಯ ತಾಯಿ ಮರಿಯಮ್ಮನವರು ಹುಟ್ಟಿದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುವ ಹಬ್ಬ ಅದು. ತೆನೆ ಮನೆಗೆ ಬರುವ ತನಕ ಅಲ್ಲಿ ಯಾರೂ ಹೊಸಕ್ಕಿ ಮುಟ್ಟುವುದಿಲ್ಲ.

"ಪಾದ್ರಿಗಳೇ, ಮರಿಯಮ್ಮ ಹುಟ್ಟಿದ ದಿನ ಯಾವ ಪುಟದಲ್ಲಿದೆ?"

"ಯಾವ ಪುಟದಲ್ಲೂ ಇಲ್ಲ, ಪ್ರಭು."

"ಆಕೆಯ ತಾಯಿಯ ಹೆಸರು?"

"ಅನ್ನಮ್ಮ. ಅದೂ ಇಲ್ಲ."

"ಭತ್ತವಾದರೂ ಇದೆಯೋ?"

"ಆ ದೇಶದಲ್ಲಿ ಭತ್ತ ಬೆಳೆಯುತ್ತಿರಲಿಲ್ಲ, ಪ್ರಭು."

ಸಭೆ ನಕ್ಕಿತು. ಪಾದ್ರಿ ಕೈ ಮುಗಿದರು. "ಯೇಸುಸ್ವಾಮಿ ಪುಸ್ತಕ ಬರೆದವರಲ್ಲ. ಹನ್ನೆರಡು ಜನಕ್ಕೆ ಬಾಯಲ್ಲಿ ಹೇಳಿದರು. ಅವರು ಊರೂರು ತಿರುಗಿ ಹೇಳಿದರು. ಅದರಲ್ಲಿ ಕೆಲವನ್ನು ಬರೆದಿಟ್ಟರು, ಮಿಕ್ಕದ್ದನ್ನು ನಾವು ನಡೆಸಿಕೊಂಡು ಬಂದೆವು."

"ಮಿಕ್ಕದ್ದು ಅಂದರೆ ಕಟ್ಟುಕತೆ! ಹಬ್ಬದೊಳಗೆ ಪುಟ ತೋರಿಸಿ. ಇಲ್ಲವೋ, ಹಬ್ಬ ನಿಂತಿತು, ಇಗರ್ಜಿಯ ಗದ್ದೆ ಅರಮನೆಗೆ ಸೇರಿತು."

ಆ ಗದ್ದೆ ಅರಮನೆಯ ಗದ್ದೆಗೆ ತಾಗಿಕೊಂಡೇ ಇತ್ತು ಎನ್ನುವುದು ಬರೀ ಆಕಸ್ಮಿಕ.

ಆಗ ಎದ್ದವಳು ಅರಮನೆಯ ದುಭಾಷಿ ಇಂಗ್ರಾಸ್ ಬಾಯಿ. ಗೋವೆಯಿಂದ ಕೊಚ್ಚಿಯವರೆಗೆ ಓಡಾಡಿದ ವಿಧವೆ, ಐದು ಭಾಷೆ ಬಲ್ಲವಳು, ಐದರಲ್ಲೂ ನಾಲಿಗೆ ಚುರುಕು.

"ಒಡೆಯರು ಹೇಳಿದ್ದು ನೂರಕ್ಕೆ ನೂರು ಸರಿ," ಎಂದಳು.

ಪಾದ್ರಿಯ ಮುಖ ಬಿಳಿಚಿಕೊಂಡಿತು. ತಲೆಗೆ ನೀರು ಹೊಯ್ದು ಅವಳಿಗೆ ಜ್ಞಾನಸ್ನಾನ ಕೊಟ್ಟವರು ಅವರೇ. ಅವತ್ತು ನೀರು ಸಾಲದೆ ಹೋಯಿತೇನೋ ಎಂದುಕೊಂಡಿರಬೇಕು.

"ಆದರೆ ಇಷ್ಟು ಒಳ್ಳೆಯ ನ್ಯಾಯ ನಮ್ಮ ದಂಡೆಯ ಜನಕ್ಕೆ ಮಾತ್ರ ಯಾಕೆ, ಪ್ರಭು? ಬರೆದದ್ದಷ್ಟೇ ಸತ್ಯ, ಬಾಯಿಂದ ಬಾಯಿಗೆ ಬಂದದ್ದಕ್ಕೆ ಬೆಲೆಯಿಲ್ಲ ಅಂತ ಇಡೀ ರಾಜ್ಯಕ್ಕೆ ಕಾಯಿದೆ ಮಾಡಿ. ಗುಡಿಸಲಿಂದ ಅರಮನೆವರೆಗೆ."

"ಭೇಷ್!" ಎಂದ ಅರಸ. ಕರಣಿಕ ಬರೆದ, ಅರಸ ಮುದ್ರೆ ಒತ್ತಿದ, ಸಭೆ ಚಪ್ಪಾಳೆ ತಟ್ಟಿತು.

"ಒಳ್ಳೆಯ ಕೆಲಸ ಮನೆಯಿಂದಲೇ ಶುರುವಾಗಲಿ," ಎಂದಳು ಇಂಗ್ರಾಸ್ ಬಾಯಿ. "ಕರಣಿಕರೇ, ಪಟ್ಟದ ತಾಮ್ರಶಾಸನ ಓದಿ."

ಕರಣಿಕ ಓದಿದ: "ಪಟ್ಟವು ತಂದೆಯಿಂದ ಹಿರಿಯ ಮಗನಿಗೆ ಸಲ್ಲತಕ್ಕದ್ದು."

"ಹಿರಿಯ ಮಗ ಯಾರು?"

"ನಾನು!" ಎಂದ ಅರಸ.

"ಪುಟ, ಪ್ರಭು?"

ಬೊಮ್ಮರಸನೂ ತಮ್ಮ ದೇವರಸನೂ ಅವಳಿ. ಅರೆನಿದ್ದೆಯಲ್ಲಿ ತೂಗುತ್ತಿದ್ದ ದೇವರಸ ನೆಟ್ಟಗೆ ಕೂತ.

"ಜಾತಕ ಇದೆಯಲ್ಲ!" ಅರಸ ಗುಡುಗಿದ.

ಕರಣಿಕ ಕೆಮ್ಮಿದ. "ಇಬ್ಬರಿಗೂ ಸೇರಿಸಿ ಒಂದೇ ಬರೆಸಿದ್ದು, ಪ್ರಭು. ಗಳಿಗೆ ಒಂದೇ ಇತ್ತಲ್ಲ."

"ಮೊದಲು ಬಂದವನು ನಾನು ಅಂತ ಸೂಲಗಿತ್ತಿ ಕೆಂಚವ್ವ ಹೇಳಿದ್ದಾಳೆ! ಊರಿಗೆಲ್ಲ ಗೊತ್ತು!"

"ಕೆಂಚವ್ವ ಬಾಯಲ್ಲಿ ಹೇಳಿದಳು, ಊರು ಕಿವಿಯಲ್ಲಿ ಕೇಳಿತು. ಅಂಥದಕ್ಕೆ ಏನೋ ಹೆಸರಿಟ್ಟಿರಲ್ಲ, ಏನದು? ಹ್ಞಾಂ, ಕಟ್ಟುಕತೆ."

"ಅಣ್ಣಾ," ಎಂದ ದೇವರಸ ಮೆಲ್ಲಗೆ, "ಅಂದರೆ, ಸದ್ಯಕ್ಕೆ ಅಣ್ಣಾ... ಕಾಯಿದೆ ತುಂಬಾ ಚೆನ್ನಾಗಿದೆ."

ಸಭೆಯ ಅರ್ಧ ಜನ ಆಗಲೇ ದೇವರಸನ ಕಡೆ ತಿರುಗಿ ಮುಗುಳ್ನಗುತ್ತಿದ್ದರು.

ಅರಸ ಕಾಯಿದೆಯನ್ನು ಕಸಿದು ನಾಲ್ಕು ತುಂಡು ಮಾಡಿದ. ಬೆವರು ಒರೆಸಿಕೊಂಡು ಕೇಳಿದ, "ಹಾಗಾದರೆ ಈ ಪುಸ್ತಕ ದಂಡವೇ? ಯಾರು ಏನು ಬೇಕಾದರೂ ಹೇಳಬಹುದೋ?"

"ಅಯ್ಯೋ, ಎಲ್ಲಾದರೂ ಉಂಟೇ? ಪಟ್ಟ ಸೇನಾಪತಿಗೆ ಅಂತ ಕೆಂಚವ್ವ ಹೇಳಿದ್ದರೆ ಶಾಸನ ಅವಳ ಬಾಯಿ ಮುಚ್ಚಿಸುತ್ತಿತ್ತು. ಶಾಸನ ಬಿಟ್ಟರೆ ಅವಳ ಮಾತು ಹರಟೆ, ಅವಳ ಮಾತು ಬಿಟ್ಟರೆ ಶಾಸನ ಬರೀ ತಾಮ್ರದ ತಗಡು. ಎರಡೂ ಹೊರಟದ್ದು ಒಂದೇ ಮನೆಯಿಂದ. ಮತ್ತೆ, ನಿಮ್ಮ ಕೈಲಿರುವ ಒಲಂದರ ಪುಸ್ತಕದೊಳಗೆ ಅರವತ್ತಾರು ಸಣ್ಣ ಗ್ರಂಥ, ನಮ್ಮ ಪಾದ್ರಿಗಳದ್ದರಲ್ಲಿ ಎಪ್ಪತ್ತಮೂರು. ಎಷ್ಟಿರಬೇಕು ಅಂತ ಅದರ ಯಾವ ಪುಟದಲ್ಲಿದೆ? ನೀವು ಓದಿ ಮುಗಿಸಿದ್ದೀರಿ, ನಿಮಗೇ ಗೊತ್ತು."

ಅರಸ ಪುಟ ತಿರುವಲು ಹೋಗಿ ಪುಸ್ತಕ ಮುಚ್ಚಿಟ್ಟ. ಆಮೇಲೆ ಥಟ್ಟನೆ ಕರಣಿಕನ ಕಡೆ ತಿರುಗಿದ. "ಬೊಮ್ಮರಸನೇ ಹಿರಿಯ ಅಂತ ಈಗಲೇ ಬರೆ. ರಗಳೆಯೇ ಬೇಡ."

"ಬರೆಸಿ," ಎಂದಳು ಇಂಗ್ರಾಸ್ ಬಾಯಿ. "ಯಾರ ಬಾಯಿಂದ ಕೇಳಿ?"

"ಕೆಂಚವ್ವ..."

"ತೀರಿಕೊಂಡಳು."

"ಅವಳ ಮಗಳು?"

"ಹೋದ ಬೇಸಿಗೆಯಲ್ಲಿ ಅವಳೂ ಹೋದಳು. ಊರಿನವರು ಕೇಳಿದ್ದೆಲ್ಲ ಅವರಿವರು ಹೇಳಿದ್ದು. ಕೆಂಚವ್ವನ ಬಾಯಿಂದಲೇ ನೇರ ಕೇಳಿಸಿಕೊಂಡವರಲ್ಲಿ ಬದುಕಿರುವವಳು ನಾನೊಬ್ಬಳೇ, ಪ್ರಭು."

ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಮುಂದೆ ಬಾಗಿದರು. ಆ ಒಂದು ವಿಷಯದಲ್ಲಿ ಮಾತ್ರ ಅವರು ನಿಜಕ್ಕೂ ಅವಳಿ.

"ನೆನಪಿದೆಯೇನೇ, ಇಂಗ್ರಾಸೂ?" ಅರಸನ ದನಿ ಬೆಣ್ಣೆಯಾಗಿತ್ತು.

"ಇದೆ, ಪ್ರಭು. ಆದರೆ ನನ್ನ ನೆನಪು ಸ್ವಲ್ಪ ವಿಚಿತ್ರ. ವರ್ಷಕ್ಕೊಮ್ಮೆ, ಮರಿಯಮ್ಮನವರು ಹುಟ್ಟಿದ ದಿನ, ಇಗರ್ಜಿಯ ಗದ್ದೆಯ ಹೊಸಕ್ಕಿ ಪಾಯಸ ಹೊಟ್ಟೆಗೆ ಬೀಳದಿದ್ದರೆ, ಯಾರು ಮೊದಲು ಹುಟ್ಟಿದರು ಅನ್ನುವುದೇ ತಲೆಕೆಳಗಾಗಿಬಿಡುತ್ತದೆ."

ಅರಸ ಅವಳನ್ನೇ ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಪಾದ್ರಿಯನ್ನು ಕೇಳಿದ:

"ಪಾಯಸಕ್ಕೆ ಬೆಲ್ಲ ಎಷ್ಟು ಮಣ ಕಳಿಸಲಿ?"