ದರ್ಜಿಯ ಮನೆಯ ಕಾಗದದ ಗೊಂಬೆಗಳು

"ಬುದ್ಧಿ, ಇವುಗಳಲ್ಲಿ ಮಕ್ಕಳ ಕೈಗೆ ಯಾವುದನ್ನು ಕೊಡಲಿ?" ಎಂದು ಗುರುಮಲ್ಲ ತನ್ನ ಗುರುಗಳನ್ನು ಕೇಳಿದ.

ಗುರುಮಲ್ಲ ಮಠದ ಶಿಷ್ಯ. ಮಠದ ಶಿಶುವಿಹಾರವನ್ನು ನೋಡಿಕೊಳ್ಳುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು. ಮಕ್ಕಳು ತಾವೇ ಕತೆ ಕಟ್ಟಿಕೊಂಡು ಆಡಲಿ ಎಂದು ಪೇಟೆಯಿಂದ ಕಾಗದದ ಗೊಂಬೆಗಳ ಹಾಳೆಗಳನ್ನು ತರಿಸಿದ್ದ. ಒಂದರಲ್ಲಿ ರಾಜ ರಾಣಿ, ಇನ್ನೊಂದರಲ್ಲಿ ಒಬ್ಬ ಹುಡುಗಿ ಮತ್ತು ಅವಳಿಗೆ ತೊಡಿಸುವ ಬಟ್ಟೆಗಳು, ಮತ್ತೊಂದರಲ್ಲಿ ಕಣ್ಣು ಮೂಗು ಏನೂ ಇಲ್ಲದ ಬರೀ ಆಕಾರ. ಎಲ್ಲವನ್ನೂ ಗುರುಗಳ ಮುಂದೆ ಹರಡಿ ಪರೀಕ್ಷೆಗೆ ಕೂತವನಂತೆ ಕೂತಿದ್ದ. ಗುರುಗಳಿಗೆ ಅವನ ಮೇಲೆ ಬಹಳ ಅಕ್ಕರೆ. ಅಕ್ಕರೆ ಇದ್ದವರನ್ನೇ ಅವರು ಹೆಚ್ಚು ಕಾಡುತ್ತಿದ್ದುದು. ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಎಲ್ಲವೂ ಚೆನ್ನಾಗಿವೆ ಎಂದರು. ಅವನ ಮುಖ ಇನ್ನಷ್ಟು ಬಾಡಿದ್ದನ್ನು ಕಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಒಂಟಿ ಮನುಷ್ಯ. ಅವನ ಅಕ್ಕನೂ ಭಾವನೂ ಜ್ವರ ಬಂದು ತೀರಿಕೊಂಡಾಗ ಅವರ ಪುಟ್ಟ ಮಗಳನ್ನು ತನ್ನ ಮನೆಗೆ ಕರೆತಂದ. ಮಗು ಹೇಳಿದ್ದನ್ನು ಕೇಳುತ್ತಿತ್ತು, ಬಡಿಸಿದ್ದನ್ನು ಉಣ್ಣುತ್ತಿತ್ತು. ಮಾತು ಮಾತ್ರ ನಿಂತುಹೋಗಿತ್ತು. ಬೇಕೆಂದರೆ ತಲೆ ಆಡಿಸುವುದು, ಬೇಡವೆಂದರೆ ನೆಲ ನೋಡುವುದು. ದರ್ಜಿಗೆ ಅವಳೆಂದರೆ ಪ್ರಾಣ. ಅವಳ ಜಡೆ ಹೆಣೆಯುವಾಗ ಅಕ್ಕನ ನೆನಪಾಗುತ್ತಿತ್ತು. ಒಂದು ಸಲ ಬಾಯಿ ತುಂಬ ಮಾವ ಎಂದುಬಿಟ್ಟರೆ ಸಾಕಪ್ಪಾ ಎಂದು ಅವನು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದ.

ಮಗುವಿನ ಅಜ್ಜಿ, ಎಂದರೆ ತಂದೆಯ ತಾಯಿ, ಬೇರೊಂದು ಊರಿನಲ್ಲಿದ್ದಳು. ಸೂಜಿ ದಾರ ಬಿಟ್ಟರೆ ಏನೂ ತಿಳಿಯದ ಗಂಡಸಿನ ಮನೆಯಲ್ಲಿ ಕೂಸು ಮೂಕಿಯಾಗಿಬಿಡುತ್ತದೆ ಎಂದು ಆಕೆಗೆ ಅನ್ನಿಸಿತು. ನವರಾತ್ರಿಗೆ ಬರುತ್ತೇನೆ, ಅಷ್ಟು ಹೊತ್ತಿಗೂ ಮಾತಾಡದಿದ್ದರೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿಕಳಿಸಿದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ದರ್ಜಿಗೆ ಹೆಚ್ಚು ಹೆದರಿಕೆಯಾಯಿತು.

ಮಗು ಆಡಿದರೆ ಮಾತೂ ಬಂದೀತು ಎಂದುಕೊಂಡು ಅವನು ಆಟದ ಸಾಮಾನಿನ ಅಂಗಡಿಗೆ ಹೋದ. ಅಂಗಡಿಯವನು ಕಾಗದದ ಗೊಂಬೆಗಳನ್ನು ತೋರಿಸಿದ. ದರ್ಜಿ ಆರಿಸಲು ಕುಳಿತ. ರವಿಕೆಯ ತೋಳು ಸರಿಯಾಗಿ ಕೂತಿಲ್ಲವೆಂದು ಒಂದನ್ನು ಬಿಟ್ಟ. ಲಂಗದ ನೆರಿಗೆ ಒಂದೇ ಅಳತೆಯಲ್ಲಿ ಇಲ್ಲವೆಂದು ಇನ್ನೊಂದನ್ನು ಬಿಟ್ಟ. ಅದು ಕಾಗದ ಕಣಯ್ಯ, ಯಾರೂ ತೊಡುವುದಿಲ್ಲ ಎಂದು ಅಂಗಡಿಯವನು ತಲೆ ಚಚ್ಚಿಕೊಂಡ. ಕೊನೆಗೆ ಜರಿಯ ಉಡುಪಿನ ರಾಜ ರಾಣಿಯ ಜೋಡಿ ದರ್ಜಿಯ ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ.

ಈಗ ಆ ಸೀಮೆಯ ವಾಡಿಕೆ ಹೇಳಬೇಕು. ಅಲ್ಲಿ ಗೊಂಬೆ ಎಂದರೆ ಕೂರಿಸುವಂಥದ್ದು. ಮದುವೆಯಾಗಿ ಹೋಗುವ ಹೆಣ್ಣುಮಗಳಿಗೆ ತವರಿನವರು ಮರದ ರಾಜ ರಾಣಿಯರನ್ನು ಕೊಡುತ್ತಾರೆ, ಅದಕ್ಕೆ ಪಟ್ಟದ ಗೊಂಬೆ ಎನ್ನುತ್ತಾರೆ. ನವರಾತ್ರಿಯಲ್ಲಿ ಅವನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಆರತಿ ಬೆಳಗುತ್ತಾರೆ. ಹಬ್ಬ ಮುಗಿದ ಮೇಲೆ ಬಟ್ಟೆ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಮಕ್ಕಳು ಕೈ ಕಟ್ಟಿ ನಿಂತು ನೋಡಬಹುದು, ಮುಟ್ಟಿದರೆ ಬೈಗುಳ. ದರ್ಜಿ ಬೆಳೆದದ್ದು ಇದನ್ನೇ ನೋಡಿಕೊಂಡು.

ಹಾಗಾಗಿ ಅವನು ಮನೆಗೆ ಬಂದವನೇ ಗೊಂಬೆಗಳನ್ನು ನಾಜೂಕಾಗಿ ಕತ್ತರಿಸಿ, ಮಣೆಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ. ಮಗುವನ್ನು ಕರೆದು ತೋರಿಸಿದ. ಇವನು ರಾಜ, ಬಲಗಡೆ ಇರಬೇಕು. ಇವಳು ರಾಣಿ. ಜೋಪಾನ, ಕಾಗದ ಮುದುರುತ್ತದೆ. ಮಗು ತಲೆ ಆಡಿಸಿತು. ಎರಡು ಕೈ ಜೋಡಿಸಿ ರಾಜ ರಾಣಿಗೆ ನಮಸ್ಕಾರ ಮಾಡಿತು. ದರ್ಜಿ ಹಿಗ್ಗಿ ಹೀರೇಕಾಯಿಯಾದ. ಎಂಥ ಜಾಣೆ ಎಂದು ಬೆನ್ನು ತಟ್ಟಿದ.

ಅಂದಿನಿಂದ ಮಗು ದಿನವೂ ಗೊಂಬೆಗಳ ಮುಂದೆ ಸ್ವಲ್ಪ ಹೊತ್ತು ಕೈ ಕಟ್ಟಿ ಕೂರುತ್ತಿತ್ತು. ಆಮೇಲೆ ಎದ್ದು ಹೋಗುತ್ತಿತ್ತು. ಮಾತು ಬರಲಿಲ್ಲ. ಆರಿಸಿದ್ದು ಸರಿಹೋಗಲಿಲ್ಲವೇನೋ ಎಂದು ದರ್ಜಿ ಮತ್ತೆ ಅಂಗಡಿಗೆ ಹೋಗಿ ಮದುವೆಯ ದಿಬ್ಬಣದ ಗೊಂಬೆಗಳನ್ನು ತಂದ. ಅದಾದ ಮೇಲೆ ಉಡುಪು ಬದಲಿಸುವ ಹುಡುಗಿಯನ್ನು ತಂದ. ಮಗುವಿಗಿಂತ ಮೊದಲು ತಾನೇ ಆ ಹುಡುಗಿಗೆ ಲಂಗ ತೊಡಿಸಿ, ಯಾವ ರವಿಕೆಗೆ ಯಾವ ಲಂಗ ಒಪ್ಪುತ್ತದೆಂದು ವಿವರಿಸಿದ. ಮಗು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಲ್ಲರಿಗೂ ನಮಸ್ಕಾರ ಮಾಡಿತು. ನೆರೆಮನೆಯವರು ಬಂದು ಗೊಂಬೆ ಎಷ್ಟು ಚೆನ್ನಾಗಿ ಕೂರಿಸಿದ್ದೀರಿ ಎಂದು ಹೊಗಳಿ ಹೋದರು. ಬಡಪಾಯಿ ದರ್ಜಿಗೆ ಎಲ್ಲಿ ತಪ್ಪುತ್ತಿದೆ ಎಂಬುದೇ ಹೊಳೆಯಲಿಲ್ಲ.

ನವರಾತ್ರಿ ಬಂತು. ಅಜ್ಜಿ ಬರುವ ದಿನವೂ ಬಂತು. ಅಂದು ಮಧ್ಯಾಹ್ನ ದರ್ಜಿ ಮನಸ್ಸಿಲ್ಲದ ಮನಸ್ಸಿನಿಂದ ಒಂದು ರವಿಕೆ ಕತ್ತರಿಸುತ್ತಿದ್ದ. ಗುರುತು ಹಾಕುವ ಸೀಮೆಸುಣ್ಣ ಕೈ ಜಾರಿ ಮೇಜಿನ ಕೆಳಗೆ ಉರುಳಿತು. ಹೆಕ್ಕಲು ಬಗ್ಗಿದಾಗ ಕೆಳಗಿನಿಂದ ಒಂದು ಸಣ್ಣ ದನಿ ಕೇಳಿಸಿತು. ಮಗು ಅವನಿಗೆ ಬೆನ್ನು ಮಾಡಿ ಕೂತಿತ್ತು. ಅವನು ಅಳತೆಗೆಂದು ಕತ್ತರಿಸಿ ಎಸೆದ ಹಳೆಯ ಪತ್ರಿಕೆಯ ಚೂರುಗಳು ಅವಳ ಸುತ್ತ ಬಿದ್ದಿದ್ದವು. ಕೊರಳಿನ ಚೂರು, ಕಂಕುಳಿನ ಚೂರು, ತೋಳಿನ ಚೂರು. ಒಂದು ದೊಡ್ಡ ಚೂರನ್ನು ಎತ್ತಿ ನಿಲ್ಲಿಸಿ ಅವಳು ದಪ್ಪ ದನಿಯಲ್ಲಿ ಆಡಿಸುತ್ತಿದ್ದಳು.

"ಹಾಗಲ್ಲ, ಹೀಗೆ. ಜೋಪಾನ, ಮುದುರುತ್ತೆ."

ದರ್ಜಿ ಬಗ್ಗಿದವನು ಬಗ್ಗಿದಂತೆಯೇ ಉಳಿದ. ಅದು ಅವನದೇ ಮಾತು. ಮಗು ಆಮೇಲೆ ಒಂದು ಚಿಕ್ಕ ಚೂರನ್ನು ಎತ್ತಿಕೊಂಡು, ಅದರ ಪಕ್ಕದಲ್ಲಿದ್ದ ಇನ್ನೊಂದರ ಕಿವಿಯಲ್ಲಿ ಗುಟ್ಟು ಹೇಳುವಂತೆ ಹೇಳಿತು.

"ಅವನಿಗೆ ಕೋಪ ಇಲ್ಲಮ್ಮ. ಪಾಪ, ಆಡೋಕೆ ಬರಲ್ಲ. ಯಾರೂ ಹೇಳ್ಕೊಟ್ಟಿಲ್ಲ ಅವನಿಗೆ."

ದರ್ಜಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ತಾನು ಮಗುವಿಗಾಗಿ ಕೊರಗುತ್ತಿದ್ದರೆ, ಮಗು ತನಗಾಗಿ ತಾಯಿಯ ಹತ್ತಿರ ವಕಾಲತ್ತು ಹಾಕುತ್ತಿದೆ. ಅವನು ಮೆಲ್ಲಗೆ ಮೇಜಿನ ಕೆಳಗೆ ನುಸುಳಿದ. ಮಗು ಬೆಚ್ಚಿ ಚೂರುಗಳನ್ನು ಮಡಿಲಿಗೆ ಬಾಚಿಕೊಂಡಿತು. ಒಂದು ಚೂರಿನ ಅಂಚು ಸೊಟ್ಟಗಿತ್ತು, ನೇರ ಮಾಡಲು ಅವನ ಬೆರಳು ತುರಿಸಿತು. ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ನಂಗೂ ಹೇಳ್ಕೊಡ್ತೀಯಾ, ಪುಟ್ಟಿ?" ಎಂದು ಕೇಳಿದ.

ಮಗು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿ ಕೂತಿದ್ದ ಮಾವ ಅವಳಿಗೆ ಪರವಾಗಿಲ್ಲ ಎನ್ನಿಸಿರಬೇಕು. ಮಡಿಲಿನ ಚೂರುಗಳನ್ನು ಕೆಳಗೆ ಸುರಿದು ಆರಿಸತೊಡಗಿತು. ಒಂದನ್ನು ಎತ್ತಿ ನೋಡಿ ಬದಿಗಿಟ್ಟಿತು. ಇನ್ನೊಂದನ್ನು ಅವನ ಭುಜದ ಹತ್ತಿರ ಹಿಡಿದು ನೋಡಿ, ಅದೂ ಬೇಡವೆಂದು ಬಿಟ್ಟಿತು. ಬಹಳ ಹೊತ್ತು ಹುಡುಕಿ ಒಂದನ್ನು ಅವನ ಅಂಗೈ ಮೇಲೆ ಇಟ್ಟಿತು.

"ನೀನು ಇದಾಗು, ಮಾವ."

ಇದು ಯಾರು ಎಂದು ಅವನು ಕೇಳಿದ. ಆಡ್ತಾ ಆಡ್ತಾ ಗೊತ್ತಾಗುತ್ತೆ ಎಂದಿತು ಮಗು.

ಸಂಜೆ ಅಜ್ಜಿ ಬಂದಾಗ ಮನೆಯಲ್ಲಿ ಯಾರೂ ಕಾಣಲಿಲ್ಲ. ಮೇಜಿನ ಕೆಳಗೆ ಇಬ್ಬರು ಯಾವುದೋ ಸಂತೆಗೆ ಹೊರಟ ವಿಚಾರಕ್ಕೆ ಜಗಳವಾಡುತ್ತಿದ್ದರು. ಆಕೆ ಗಿರಾಕಿಗಳ ಮಣೆಯ ಮೇಲೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಆ ಜಗಳ ಮುಗಿಯುವವರೆಗೆ ಕಾದಳು. ಹಬ್ಬ ಮುಗಿಸಿಕೊಂಡು ಒಬ್ಬಳೇ ಊರಿಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲ ತನ್ನ ಮುಂದಿದ್ದ ಹಾಳೆಗಳನ್ನು ಅನುಮಾನದಿಂದ ನೋಡಿದ.

"ಹಾಗಾದರೆ ಬುದ್ಧಿ, ಇವನ್ನೆಲ್ಲ ವಾಪಸು ಮಾಡಿ ಮಕ್ಕಳಿಗೆ ಕಾಗದದ ಚೂರುಗಳನ್ನೇ ಕೊಡಲೇ?"

ಗುರುಗಳು ನಕ್ಕು ಅವನ ಭುಜದ ಮೇಲೆ ಕೈಯಿಟ್ಟರು.

"ನೀನು ಏನನ್ನಾದರೂ ಕೊಡು, ಗುರುಮಲ್ಲ; ಇದುವರೆಗೆ ಯಾವ ಮಗುವಾದರೂ ನಿನ್ನ ಕೈಗೆ ಒಂದು ಗೊಂಬೆ ಕೊಟ್ಟಿದೆಯೇ?"

ಗುರುಮಲ್ಲ ಹಾಳೆಗಳನ್ನು ಎತ್ತಿಕೊಂಡು ಶಿಶುವಿಹಾರದ ಕಡೆಗೆ ಹೊರಟ.